ಆಗಸದ ಆಪತ್ತು, ಬೆಳ್ಳಿತೆರೆಯ ಕರುಣೆ

ಶಿರೋಳದ ಎರೆ ಹೊಲದಲ್ಲಿ ನಿಂತವರಿಗೆ ವಿಮಾನವೆಂದರೆ ಬಹು ಎತ್ತರದಲ್ಲಿ ಸಾಗುವ ಬಿಳಿಯ ಗೆರೆ. ಅದರೊಳಗೆ ಕುಳಿತವರಿಗೆ ಆಪತ್ತು ಬಂದರೆ ಏನಾಗುವುದೆಂಬುದನ್ನು ನಮ್ಮಲ್ಲಿ ಬಹುಮಂದಿ ಕಂಡದ್ದು ಸಿನೆಮಾದಲ್ಲಿಯೇ. ಯಂತ್ರ ಕೆಡುತ್ತದೆ, ಇಲ್ಲವೆ ಬಂದೂಕು ಹಿಡಿದವರು ಒಳನುಗ್ಗುತ್ತಾರೆ. ಯಾರೋ ಒಬ್ಬ ಧೀರ ಎಲ್ಲರನ್ನೂ ಉಳಿಸುತ್ತಾನೆ. ಇಂಥ ಚಿತ್ರ ನೋಡಿ ಬಂದಾಗ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ಉಳಿಸಿದವರು ನಿಜವಾಗಿ ಒಬ್ಬರೆಯೆ?

ರಾಮ್ ಮಾಧವಾನಿಯವರ ‘ನೀರಜಾ’ ಹಿಂದೀ ಚಿತ್ರ (2016) ನಿಮಗೆ ನೆನಪಿರಬಹುದು. ಕಥೆ ಕಟ್ಟಿದ್ದಲ್ಲ. 1986ರ ಸಪ್ಟೆಂಬರ 5ರಂದು ಮುಂಬಯಿಯಿಂದ ಹೊರಟ ಪ್ಯಾನ್ ಆ್ಯಮ್ ವಿಮಾನ ಕರಾಚಿಯಲ್ಲಿ ನಿಂತಿದ್ದಾಗ ನಾಲ್ವರು ಶಸ್ತ್ರಧಾರಿಗಳು ಅದನ್ನು ಹಿಡಿದರು. ಪರಿಚಾರಿಕೆಯರ ಎಚ್ಚರಿಕೆ ತಲುಪಿದೊಡನೆ ಚಾಲಕರು ಮೇಲಿನ ಕಿಂಡಿಯಿಂದ ಇಳಿದು ಹೋದರು. ಇದನ್ನು ಹೇಡಿತನವೆನ್ನಬೇಡಿರಿ, ಚಾಲಕನಿಲ್ಲದ ವಿಮಾನ ನೆಲ ಬಿಟ್ಟು ಏಳಲಾರದು. ಆದರೆ ಒಳಗೆ ಉಳಿದ ನೂರಾರು ಜನರ ಹೊಣೆ ಆ ಪರಿಚಾರಿಕೆಯರ ಮೇಲೆ ಬಿತ್ತು. ಅವರ ಮುಖ್ಯಳಾದ ನೀರಜಾ ಭಾನೋಟಳಿಗೆ ಇಪ್ಪತ್ತಮೂರು ತುಂಬಲು ಎರಡು ದಿನ ಬಾಕಿ. ಅಮೇರಿಕದವರನ್ನು ಹುಡುಕಲೆಂದು ಪಾಸ್‌ಪೋರ್ಟು ಕೇಳಿದಾಗ, ಅಮೇರಿಕದ ಪಾಸ್‌ಪೋರ್ಟುಗಳು ಆಸನಗಳ ಕೆಳಗೆ ಮಾಯವಾದವು. ಸುಮಾರು 17 ಗಂಟೆಗಳ ಮೇಲೆ ದೀಪ ಆರಿ, ಗುಂಡು ಹಾರತೊಡಗಿದಾಗ ಆಕೆ ಜನರನ್ನು ಹೊರಗೆ ಸಾಗಿಸಿ ತಾನು ಗುಂಡಿಗೆ ಬಲಿಯಾದಳು. ಸರಕಾರ ಅಶೋಕಚಕ್ರವಿತ್ತು ಗೌರವಿಸಿತು.

ಚಿತ್ರ ಚೆನ್ನಾಗಿದೆ; ಶಬಾನಾ ಆಜ್ಮಿಯವರ ತಾಯಿಯ ಪಾತ್ರ ಎಂಥವರ ಕಣ್ಣನ್ನೂ ಒದ್ದೆ ಮಾಡುವುದು. ಆದರೆ ಪಾಸ್‌ಪೋರ್ಟು ಬಚ್ಚಿಟ್ಟ ಕೈಗಳು ಒಂದೇ ಜೊತೆಯಲ್ಲ. ಆಕೆಯ ಸಂಗಡಿಗರೂ ಅದೇ ಗಂಡಾಂತರದಲ್ಲಿ ಅದೇ ಕೆಲಸ ಮಾಡಿದರು. ಸಿನೆಮಾಕ್ಕೆ ಒಂದು ಮುಖ ಬೇಕು, ಉಳಿದವು ಹಿಂದೆ ಸರಿಯುತ್ತವೆ.

ಇನ್ನೊಂದು ಸಂಗತಿಯನ್ನೂ ಸಿನೆಮಾ ಅಷ್ಟಾಗಿ ಹೇಳುವುದಿಲ್ಲ. ದೊಡ್ಡ ಪ್ರಯಾಣಿಕ ವಿಮಾನವೊಂದಕ್ಕೆ ಪರವಾನಿಗೆ ಸಿಗಬೇಕಾದರೆ, ಅರ್ಧ ಬಾಗಿಲುಗಳು ಮುಚ್ಚಿದ್ದರೂ ತುಂಬಿದ ವಿಮಾನ 90 ಸೆಕೆಂಡುಗಳಲ್ಲಿ ಬರಿದಾಗುವುದೆಂದು ತೋರಿಸಬೇಕು. ಚಹಾ ಕೊಡುವವಳೆಂದು ನಾವು ಬಗೆಯುವ ಆ ಹುಡುಗಿ ಕಲಿತಿರುವುದು ಮುಖ್ಯವಾಗಿ ಇದನ್ನೇ. ಧೈರ್ಯದ ಹಿಂದೆ ರೂಢಿ ಇರುತ್ತದೆ.

ಕ್ಲಿಂಟ್ ಈಸ್ಟ್‌ವುಡ್ಡರ ‘ಸಲ್ಲಿ’ (2016) ಚಿತ್ರದಲ್ಲಿ, 2009ರ ಜನವರಿ 15ರಂದು ಹಕ್ಕಿಗಳು ಬಡಿದು ಎಂಜಿನು ಕೆಟ್ಟ ವಿಮಾನವನ್ನು ಚಾಲಕ ಹಡ್ಸನ್ ನದಿಯ ಮೇಲೆ ಇಳಿಸುತ್ತಾನೆ. ತನಿಖೆಯವರನ್ನು ಖಳರಂತೆ ತೋರಿಸಿದ್ದು ಅತಿಯಾಯಿತು. ಆದರೆ ಕೊರೆಯುವ ಚಳಿಯಲ್ಲಿ ರೆಕ್ಕೆಯ ಮೇಲೆ ನಿಂತವರತ್ತ ದಿನನಿತ್ಯದ ಪ್ರಯಾಣಿಕ ದೋಣಿಗಳು ತಿರುಗಿ ಬರುವ ಭಾಗ ನಿಜ. 155 ಜನರೂ ಬದುಕಿದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕುದುರೆಯ ಮೇಲಿನ ಒಬ್ಬ ದನಗಾಹಿ. 1972ರ ಅಕ್ಟೋಬರದಲ್ಲಿ ಆ್ಯಂಡೀಸ್ ಪರ್ವತದಲ್ಲಿ ಬಿದ್ದ ವಿಮಾನದಲ್ಲಿದ್ದ 45 ಜನರಲ್ಲಿ 16 ಜನ ಕೊನೆಗೆ ಉಳಿದರು. ‘ಸೊಸೈಟಿ ಆಫ್ ದ ಸ್ನೋ’ (2023) ಅವರ ಚಿತ್ರ. ಹಿಮ ದಾಟಿ ನಡೆದು ಬಂದ ಇಬ್ಬರು ತರುಣರನ್ನು ಚಿಲಿ ದೇಶದ ಸೆರ್ಗಿಯೊ ಕಟಲಾನ್ ಹೊಳೆಯ ಆಚೆ ದಡದಿಂದ ಕಂಡ. ನೀರಿನ ಅಬ್ಬರದಲ್ಲಿ ಮಾತು ಕೇಳದು. ಕಾಗದ, ಪೆನ್ಸಿಲು ಕಲ್ಲಿಗೆ ಕಟ್ಟಿ ಎಸೆದ. ಅವರು ಬರೆದು ತಿರುಗಿ ಎಸೆದರು. ತನ್ನ ಬುತ್ತಿಯ ರೊಟ್ಟಿಯನ್ನು ಎಸೆದು, ಸುದ್ದಿ ಮುಟ್ಟಿಸಲು ಕುದುರೆ ಹತ್ತಿದ. ರೊಟ್ಟಿ ಜಾತ್ರೆ ಮಾಡುವ ಶಿರೋಳದವರಿಗೆ ಆ ರೊಟ್ಟಿಯ ಬೆಲೆ ಹೇಳಬೇಕೆ!

ನಮ್ಮ ನಾಡಿನಲ್ಲಿಯೂ ಅಂಥ ಬೆಳಗೊಂದು ಬಂದಿತ್ತು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನ ಗುಡ್ಡದ ಮೇಲಣ ಓಡುದಾರಿಯನ್ನು ಮೀರಿ ಕಣಿವೆಗುರುಳಿ ಹೊತ್ತಿಕೊಂಡಿತು. 166 ಜನರಲ್ಲಿ 158 ಮಂದಿ ತೀರಿಕೊಂಡರು. ದಾರಿ ಇಕ್ಕಟ್ಟಾದದ್ದರಿಂದ ಬೆಂಕಿಯ ಬಂಡಿಗಳಿಗೆ ತೊಡಕಾಯಿತು; ಕೆಂಜಾರು ಕಡೆಯ ಹಳ್ಳಿಗರು ಮೊದಲೇ ಓಡಿ ಬಂದು, ಒಡೆದ ವಿಮಾನದಿಂದ ಹೊರಬಿದ್ದವರಿಗೆ ಕೈಕೊಟ್ಟರು. ಆ ಬೆಳಗಿನ ಚಿತ್ರ ತೆಗೆಯುವವರು ಕ್ಯಾಮರಾವನ್ನು ಚಾಲಕನ ಕೋಣೆಯಲ್ಲಿ ಅಲ್ಲ, ಆ ಕಣಿವೆಯ ದಾರಿಯಲ್ಲಿ ಇಡಬೇಕು.