ಮೂರು ದಿನಕ್ಕೆ ಸ್ಲೊವೇನಿಯಾ ಮುಗಿಯುತ್ತದೆಯೇ?

ಪ್ರಶ್ನೆ: ಸ್ಲೊವೇನಿಯಾ ಚಿಕ್ಕ ದೇಶ. ನಾವೇ ಕಾರು ಓಡಿಸಿಕೊಂಡು ಸುತ್ತಲು ಮೂರು ದಿನ ಸಾಕಲ್ಲವೇ?

ಉತ್ತರ: ಸಾಲದು. ವಿಸ್ತೀರ್ಣದಲ್ಲಿ ಅದು ಕರ್ನಾಟಕದ ಹತ್ತರಲ್ಲೊಂದು ಪಾಲಿನಷ್ಟೇ. ಆದರೆ ಆಲ್ಪ್ಸ್ ಶಿಖರಗಳು, ಸುಣ್ಣಕಲ್ಲಿನ ಗುಹೆಗಳು, ದ್ರಾಕ್ಷಿತೋಟದ ಗುಡ್ಡಗಳು, ಏಡ್ರಿಯಾಟಿಕ್ ಕಡಲು ಎಲ್ಲವೂ ಅದರೊಳಗೇ ಇವೆ. ಯೋಜನೆ ಹಾಕುವಾಗ ಕಿಲೋಮೀಟರ್‌ಗಿಂತ ತಿರುವುಗಳನ್ನು ಲೆಕ್ಕಕ್ಕೆ ಹಿಡಿಯಿರಿ.

ಕ್ರಾನ್‌ಸ್ಕಾ ಗೋರಾದಿಂದ 1,611 ಮೀಟರ್ ಎತ್ತರದ ವರ್ಶಿಚ್ ಘಾಟಿ ಹತ್ತಿ ಸೋಚಾ ಕಣಿವೆಗಿಳಿಯುವ ದಾರಿಯಲ್ಲಿ 50 ಹೇರ್‌ಪಿನ್ ತಿರುವುಗಳಿವೆ. ಮೊದಲ ಮಹಾಯುದ್ಧದಲ್ಲಿ ರಷ್ಯನ್ ಯುದ್ಧಕೈದಿಗಳ ದುಡಿಮೆಯಿಂದ ಆದ ರಸ್ತೆಯದು. 1916ರ ಮಾರ್ಚ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಅವರಲ್ಲಿ ಅನೇಕರು ಸತ್ತರು. ಅವರ ನೆನಪಿಗೆ ಕಟ್ಟಿದ ಮರದ ಪ್ರಾರ್ಥನಾಮಂದಿರ ದಾರಿಯಲ್ಲೇ ಸಿಗುತ್ತದೆ. ದಯವಿಟ್ಟು ಅಲ್ಲಿ ಇಳಿಯಿರಿ. ಆಚೆಗೆ ಸೋಚಾ ನದಿಯ ಹಸಿರುನೀಲಿ ನೀರು ನಿಮ್ಮನ್ನು ಮತ್ತೆ ಮತ್ತೆ ನಿಲ್ಲಿಸುತ್ತದೆ. ಹಾಗಾಗಿ ಈ ದಾರಿಗೇ ಒಂದು ಪೂರ್ತಿ ದಿನ ಎತ್ತಿಡಿ. ಚಳಿಗಾಲದಲ್ಲಿ ಹಿಮ ಬಿದ್ದಾಗ ಘಾಟಿ ಮುಚ್ಚಿರುತ್ತದೆ, ಬೇಸಿಗೆಯಲ್ಲೇ ಹೋಗಿ.

ಪೋಸ್ಟೊಯ್ನಾ ಗುಹೆ, ಪಿರಾನ್ ಕಡಲೂರು ಹೆದ್ದಾರಿಯ ಕಡೆಗಿವೆ, ಬೇಗ ತಲುಪಬಹುದು. ಹೆದ್ದಾರಿಗೆ ವಿನ್ಯೆಟ್ ಎಂಬ ಇ-ಪರವಾನಗಿ ಬೇಕು. ಬಾಡಿಗೆ ಕಾರಿಗೆ ಅದಿದೆಯೇ ಎಂದು ಕೇಳಿಕೊಳ್ಳಿ. ಹೊರಡುವ ಮುನ್ನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಅಲ್ಲಿ ವಾಹನ ಓಡಿಸುವುದು ರಸ್ತೆಯ ಬಲಬದಿಯಲ್ಲಿ. ಮೊದಲ ದಿನ ಘಾಟಿ ಬೇಡ.