ರಾಫ್ಟಿಂಗ್ ಓಪನ್ ಇದೆಯಾ? ಉತ್ತರ ಇರೋದು ಸೂಪಾದ ಟರ್ಬೈನ್ ಹತ್ತಿರ

ದಾಂಡೇಲಿಗೆ ವೀಕೆಂಡ್ ಟ್ರಿಪ್ ಹಾಕುವ ಯಾರೇ ಆಗಲಿ, ಹೊರಡುವ ಮುಂಚೆ ಹೋಮ್‌ಸ್ಟೇಗೆ ಫೋನ್ ಮಾಡಿ ಒಂದು ಪ್ರಶ್ನೆ ಕೇಳೇ ಕೇಳ್ತಾರೆ: "ರಾಫ್ಟಿಂಗ್ ಓಪನ್ ಇದೆಯಾ?" ಸಾಮಾನ್ಯವಾಗಿ ಮೂರು ಉತ್ತರ ಬರುತ್ತವೆ. "ಇದೆ, ಬನ್ನಿ." "ಬಂದ್ ಮಾಡಿಸಿದ್ದಾರೆ." "ಬನ್ನಿ, ನೀರು ನೋಡ್ಕೊಂಡು ಹೇಳ್ತೀವಿ." ಮೂರರಲ್ಲಿ ಪ್ರಾಮಾಣಿಕವಾದದ್ದು ಕೊನೆಯದು. ಆದರೆ ಅದರ ಹಿಂದಿನ ಪ್ರಶ್ನೆಯನ್ನು ನಾವು ಕೇಳೋದಿಲ್ಲ. ಕಾಳಿ ನದಿಯನ್ನು ತೆರೆಯುವವರು ಯಾರು, ಮುಚ್ಚುವವರು ಯಾರು, ಯಾವ ಲೆಕ್ಕದ ಮೇಲೆ?

ಮಳೆ ನದಿ ಅಲ್ಲ, ಸ್ವಿಚ್ ನದಿ

ಕೊಡಗಿನ ಬರಪೊಳೆಯಲ್ಲಿ ರಾಫ್ಟಿಂಗ್ ನಡೆಯೋದು ಮಳೆಗಾಲದಲ್ಲಿ. ಮಳೆ ಬಂದರೆ ನೀರು, ಇಲ್ಲದಿದ್ದರೆ ಬರೀ ಬಂಡೆ. ಕಾಳಿಯಲ್ಲಿ ಉಲ್ಟಾ. ಇಲ್ಲಿ ಮಳೆಗಾಲದಲ್ಲಿ ಬಂದ್, ಬಿರುಬೇಸಿಗೆಯಲ್ಲಿ ಜೋರು. ಏಪ್ರಿಲ್ ತಿಂಗಳಲ್ಲಿ ಸುತ್ತಲಿನ ಹಳ್ಳಗಳು ಒಣಗಿರುವಾಗ ಗಣೇಶಗುಡಿಯಲ್ಲಿ ಬಿಳಿ ನೊರೆಯ ನೀರು ಹೇಗೆ ಬರುತ್ತೆ? ಮೇಲೆ ಸೂಪಾ ಅಣೆಕಟ್ಟು ಇರೋದರಿಂದ.

ಜೊಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿರುವ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್. ಬುಡದಲ್ಲಿ ಕರ್ನಾಟಕ ವಿದ್ಯುತ್ ನಿಗಮದ ವಿದ್ಯುದಾಗಾರ, ಅದರಲ್ಲಿ ತಲಾ 50 ಮೆಗಾವ್ಯಾಟ್‌ನ 2 ಯಂತ್ರಗಳು. ಯಂತ್ರ ಓಡಿದರೆ ನದಿ ಹರಿಯುತ್ತೆ, ನಿಂತರೆ ನದಿ ಇಳಿಯುತ್ತೆ. ರಾಫ್ಟ್‌ಗಳು ಗಣೇಶಗುಡಿಯಿಂದ ಮೌಳಂಗಿ ಕಡೆಗೆ ಸಾಗುವ ಹಾದಿ ಇರೋದು ಇದರ ಕೆಳಗೇ.

ಒಂದು ಕಚ್ಚಾ ಲೆಕ್ಕ ಹಾಕೋಣ. ನೀರು ಸುಮಾರು 70 ಮೀಟರ್ ಎತ್ತರದಿಂದ ಬೀಳುತ್ತೆ ಅಂತ ಇಟ್ಟುಕೊಳ್ಳಿ. 50 ಮೆಗಾವ್ಯಾಟ್‌ನ ಒಂದು ಯಂತ್ರ ಪೂರ್ತಿ ಓಡಲು ಸೆಕೆಂಡಿಗೆ ಹತ್ತಿರತ್ತಿರ 80 ಘನ ಮೀಟರ್ ನೀರು ಬೇಕು. ಅಂದರೆ 10 ಸಾವಿರ ಲೀಟರ್‌ನ 8 ಟ್ಯಾಂಕರ್, ಪ್ರತಿ ಸೆಕೆಂಡಿಗೆ. ಎರಡನೇ ಯಂತ್ರವೂ ಶುರುವಾದರೆ 16 ಟ್ಯಾಂಕರ್. ಜಲಾಶಯದ ಮಟ್ಟಕ್ಕೆ ತಕ್ಕಂತೆ ಈ ಅಂಕಿ ಆಚೀಚೆ ಆಗುತ್ತೆ, ಆದರೆ ವಿಷಯ ಸ್ಪಷ್ಟ. ಒಂದು ಸ್ವಿಚ್ ಒತ್ತಿದರೆ ನದಿ ಇಮ್ಮಡಿ ಆಗಬಹುದು.

ಯಂತ್ರ ಯಾವಾಗ ಓಡಬೇಕು ಅನ್ನೋದನ್ನು ನಿರ್ಧರಿಸೋದು ಪ್ರವಾಸಿಗರ ಬುಕಿಂಗ್ ಅಲ್ಲ, ರಾಜ್ಯದ ವಿದ್ಯುತ್ ಬೇಡಿಕೆ. ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರ ಗ್ರಿಡ್ ನೋಡಿಕೊಂಡು ಉತ್ಪಾದನೆ ಏರಿಸುತ್ತೆ, ಇಳಿಸುತ್ತೆ. ಪಾವಗಡದಂಥ ಸೋಲಾರ್ ಪಾರ್ಕ್‌ಗಳು ಬಂದ ಮೇಲೆ ಹಗಲು ಸೂರ್ಯನ ಕರೆಂಟ್ ಬಳಸಿ, ಜಲವಿದ್ಯುತ್ತನ್ನು ಸಂಜೆಗೆ ಉಳಿಸಿಕೊಳ್ಳೋದು ಗ್ರಿಡ್ ಲೆಕ್ಕದಲ್ಲಿ ಜಾಣತನ. ರಾಫ್ಟಿಂಗ್ ನಡೆಯೋದು ಮಾತ್ರ ಹಗಲಲ್ಲಿ.

ನೀರು ಕಡಿಮೆ ಇದ್ದರೆ ಸೇಫ್ ಅಂತ ಅಂದುಕೊಳ್ಳಬೇಡಿ. ಇಳಿದ ನೀರಲ್ಲಿ ಬಂಡೆಗಳು ಮೇಲೇಳುತ್ತವೆ, ರಾಫ್ಟ್ ಅವುಗಳಿಗೆ ಸಿಕ್ಕಿಹಾಕಿಕೊಳ್ಳುತ್ತೆ. ಏರಿದ ನೀರಲ್ಲಿ ಬಂಡೆ ಮುಳುಗಿ ಸುಳಿ ಹುಟ್ಟುತ್ತೆ. ನಿನ್ನೆ ಸುಲಭವಾಗಿದ್ದ ತಿರುವು ಇವತ್ತು ಬೇರೆಯೇ ಆಗಿರಬಹುದು.

ಮೂರು ಗುಂಪು, ಮೂರು ವಾದ

2022ರ ಏಪ್ರಿಲ್‌ನಲ್ಲಿ ಗಣೇಶಗುಡಿ ಬಳಿ ಮಿತಿ ಮೀರಿ ಜನ ತುಂಬಿದ್ದ ರಾಫ್ಟ್ ಒಂದು ಅಪಾಯಕ್ಕೆ ಸಿಲುಕಿದ ವಿಡಿಯೊ ವೈರಲ್ ಆಯ್ತು. ಅದರಲ್ಲಿದ್ದವರು ಬದುಕಿ ಬಂದರು. ಜಿಲ್ಲಾಡಳಿತ ಜಲಕ್ರೀಡೆಗೆ ತಡೆ ಹಾಕಿತು. ಕೆಲಕಾಲದ ನಂತರ ಮತ್ತೆ ಶುರುವಾಯ್ತು. ಇಂಥ ಪ್ರತಿ ಘಟನೆ ಆದಾಗಲೂ ಮೂರು ವಾದ ಕೇಳಿಬರುತ್ತವೆ. ಮೂರರಲ್ಲೂ ಅರ್ಧ ಸತ್ಯ ಇದೆ.

ಮೊದಲನೆಯದು ಸಾಹಸಪ್ರಿಯರದು: "ರಿಸ್ಕ್ ನಮ್ಮದು, ಸರ್ಕಾರ ಯಾಕೆ ಮಧ್ಯೆ ಬರಬೇಕು?" ವರ್ಷಗಟ್ಟಲೆ ಪ್ಯಾಡಲ್ ಹಿಡಿದವರ ಬಾಯಲ್ಲಿ ಈ ಮಾತು ಒಪ್ಪುತ್ತೆ. ಅವರಿಗೆ ನೀರು ಓದೋದು ಗೊತ್ತು. ಆದರೆ ಕಾಳಿಗೆ ಬರುವ ಬಹುಪಾಲು ಜನ ಮೊದಲ ಸಲ ಲೈಫ್ ಜಾಕೆಟ್ ಹಾಕಿದವರು, ಈಜು ಬಾರದವರು. ಎಷ್ಟು ಯಂತ್ರ ಓಡ್ತಿವೆ ಅಂತ ಗೊತ್ತಿಲ್ಲದವರು ಸಹಿ ಹಾಕುವ "ನಮ್ಮ ಜವಾಬ್ದಾರಿ" ಪತ್ರಕ್ಕೆ ಏನು ಬೆಲೆ? ಮಾಹಿತಿ ಕೊಡದೆ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಎರಡನೆಯದು ದುಡಿಯುವವರದು: "ಒಬ್ಬ ಮಾಡಿದ ತಪ್ಪಿಗೆ ಎಲ್ಲರ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?" ಇದನ್ನು ತಳ್ಳಿಹಾಕೋಕೆ ಆಗಲ್ಲ. ಸೂಪಾ ಅನ್ನೋದು ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರವಾಗಿದ್ದ ಊರು. ಅಣೆಕಟ್ಟಿನಲ್ಲಿ ಅದು ಮುಳುಗಿತು, ಜನ ರಾಮನಗರದಂಥ ಕಡೆ ಪುನರ್ವಸತಿಗೆ ಹೋದರು. ಸುತ್ತಲಿನ ಕಾಡು ಹುಲಿ ಮೀಸಲು ಪ್ರದೇಶವಾಯ್ತು, 2015ರಲ್ಲಿ ಅದಕ್ಕೆ ಕಾಳಿ ಅಂತಲೇ ಹೆಸರಿಟ್ಟರು. ನಾಡಿಗೆ ಕರೆಂಟ್, ಹುಲಿಗೆ ಕಾಡು ಬಿಟ್ಟುಕೊಟ್ಟ ಊರಿನ ಹುಡುಗರಿಗೆ ಗೈಡ್ ಕೆಲಸ, ಹೋಮ್‌ಸ್ಟೇ, ಜೀಪು, ಅಡುಗೆ ಕೆಲಸ ಉಳಿದಿರುವ ದಾರಿಗಳು. ಬಂದ್ ಎಷ್ಟು ದಿನ, ಏನು ಸರಿ ಮಾಡಿದರೆ ತೆರೀತಾರೆ ಅನ್ನೋದು ತಿಳಿಯದೆ ಕೂರುವ ಕಷ್ಟ ಬೆಂಗಳೂರಿನಿಂದ ಕಾಣೋದಿಲ್ಲ.

ಮೂರನೆಯದು ಆಡಳಿತದ್ದು: "ಒಂದು ಜೀವ ಹೋದರೆ ಉತ್ತರ ಕೊಡಬೇಕಾದವರು ನಾವು, ಅದಕ್ಕೆ ಬಂದ್." ಅರ್ಥವಾಗುವ ಭಯ. ಆದರೆ ಬಂದ್ ಯಾರನ್ನು ಕಾಪಾಡುತ್ತೆ? 2024ರ ಏಪ್ರಿಲ್‌ನಲ್ಲಿ ದಾಂಡೇಲಿ ಸಮೀಪದ ಅಕೋಡಾ ಬಳಿ ಇದೇ ನದಿಯಲ್ಲಿ ಹುಬ್ಬಳ್ಳಿಯಿಂದ ಬಂದಿದ್ದ ಒಂದೇ ಕುಟುಂಬದ 6 ಮಂದಿ ಮುಳುಗಿ ಸತ್ತರು. ಅವರು ರಾಫ್ಟಿಂಗ್‌ಗೆ ಹೋದವರಲ್ಲ, ದಡಕ್ಕೆ ಬಂದವರು. ರಾಫ್ಟಿಂಗ್ ಬಂದ್ ಆದ ದಿನವೂ ದಡ ತೆರೆದೇ ಇರುತ್ತೆ. ಅಲ್ಲಿ ಗೈಡ್ ಇಲ್ಲ, ಜಾಕೆಟ್ ಇಲ್ಲ, ಹಗ್ಗ ಇಲ್ಲ.

ಹಿಮದ ಊರುಗಳು ಏನು ಮಾಡ್ತವೆ

ತೆರೆಯುವ, ಮುಚ್ಚುವ ಈ ಜಗಳ ನಮ್ಮದೊಂದೇ ಅಲ್ಲ. ಸ್ಕೀಯಿಂಗ್ ನಡೆಯುವ ಊರುಗಳಲ್ಲಿ ಪ್ರತಿ ಚಳಿಗಾಲ ಇದೇ ಗಲಾಟೆ. ಹೊಸ ಹಿಮ ಬಿದ್ದಿದೆ, ಮೇಲಿನ ಇಳಿಜಾರು ಯಾಕೆ ತೆರೀತಿಲ್ಲ ಅಂತ ಸ್ಕೀಯರ್‌ಗಳು ಗೊಣಗ್ತಾರೆ, ಹಿಮ ಕುಸಿಯಬಹುದು ಕಾಯಿರಿ ಅಂತ ಗಸ್ತು ಪಡೆ ಹೇಳುತ್ತೆ. ಆದರೆ ಅಲ್ಲಿ ಜಗಳಕ್ಕೊಂದು ಆಧಾರ ಇದೆ. ಯುರೋಪ್ 1993ರಲ್ಲಿ ಹಿಮಕುಸಿತದ ಅಪಾಯಕ್ಕೆ 5 ಹಂತಗಳ ಒಂದೇ ಅಳತೆ ತಂದಿತು. ಇವತ್ತು ಯಾವ ಹಂತ, ಯಾವ ದಿಕ್ಕಿನ ಇಳಿಜಾರು, ಯಾಕೆ ಅನ್ನೋದು ಪ್ರಕಟವಾಗುತ್ತೆ. ನಮ್ಮ ಹಿಮಾಲಯಕ್ಕೂ ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆಯೊಂದು ಇಂಥ ಮುನ್ಸೂಚನೆ ಕೊಡುತ್ತೆ.

ಇದರಿಂದ ಸಾವು ನಿಂತುಹೋಗಿದೆ ಅಂತಲ್ಲ. 2024ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ರಷ್ಯಾದ ಸ್ಕೀಯರ್ ಒಬ್ಬರು ಸತ್ತರು. ಆದರೆ ಬಂದ್ ಅಂದರೆ ಯಾಕೆ, ಓಪನ್ ಅಂದರೆ ಎಷ್ಟು ಓಪನ್ ಅಂತ ಕೇಳೋಕೆ ಅಲ್ಲಿ ಕೈಯಲ್ಲೊಂದು ಕಾಗದ ಇದೆ.

ಈಗ ಹೋಲಿಸಿ. ಹಿಮ ಯಾವಾಗ ಕುಸಿಯುತ್ತೆ ಅಂತ ಯಾರಿಗೂ ಖಚಿತವಾಗಿ ಗೊತ್ತಿಲ್ಲ, ಆದರೂ ಅಂದಾಜು ಪ್ರಕಟ ಆಗುತ್ತೆ. ಕಾಳಿಯ ನೀರು ಯಾವಾಗ ಏರುತ್ತೆ ಅಂತ ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಮೊದಲೇ ಗೊತ್ತು. ದಡದಲ್ಲಿ ನಿಂತವರಿಗೆ ಗೊತ್ತಿಲ್ಲ.

ಇದರ ಬೆಲೆ ಎಷ್ಟು ಅಂತ ತಿಳಿಯೋಕೆ ಹಿಮಾಚಲ ನೋಡಿ. 2014ರ ಜೂನ್ 8ರಂದು ಹೈದರಾಬಾದಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು ಬಿಯಾಸ್ ನದಿಯ ಬಂಡೆಗಳ ಮೇಲೆ ಫೋಟೊ ತೆಗೀತಿದ್ದರು. ಗ್ರಿಡ್‌ನ ಕಾರಣಕ್ಕೆ ಉತ್ಪಾದನೆ ಇಳಿಸಿ, ಮೇಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಡಲಾಯ್ತು. 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಅದು ಪ್ರಕೃತಿ ವಿಕೋಪ ಅಲ್ಲ, ತಲುಪದೇ ಹೋದ ಒಂದು ಎಚ್ಚರಿಕೆ. ನಾನೂ ಎಂಜಿನಿಯರಿಂಗ್ ಓದಿದವನು, ಇಂಥದೇ ಇಂಡಸ್ಟ್ರಿಯಲ್ ಟೂರ್‌ಗಳಲ್ಲಿ ಇಂಥದೇ ಬಂಡೆಗಳ ಮೇಲೆ ನಿಂತವನು. ಕಣ್ಣೆದುರಿನ ನೀರನ್ನು ನೋಡ್ತಿದ್ದೆವು, ಮೇಲಿನ ಅಣೆಕಟ್ಟಿನ ಬಗ್ಗೆ ಯೋಚಿಸಿದ್ದೇ ಇಲ್ಲ.

ಹಾಗಾದರೆ ಏನು ಕೇಳಬೇಕು?

ಒಂದು, ಗಂಟೆಗಳ ಲೆಕ್ಕ. ಸೂಪಾ ಸೇರಿ ಜಲಾಶಯಗಳ ಒಳಹರಿವು, ಹೊರಹರಿವಿನ ದಿನದ ಅಂಕಿ ಈಗಲೂ ಪ್ರಕಟ ಆಗುತ್ತೆ. ಆದರೆ ದಿನದ ಸರಾಸರಿ ಮೋಸ ಮಾಡುತ್ತೆ. ಒಂದು ಯಂತ್ರ 6 ಗಂಟೆ ಮಾತ್ರ ಓಡಿದರೆ ಸರಾಸರಿ ಸೆಕೆಂಡಿಗೆ 20 ಘನ ಮೀಟರ್ ಅನ್ನಿಸುತ್ತೆ. ನಿಜದಲ್ಲಿ ನದಿ 6 ಗಂಟೆ 80ರಲ್ಲಿತ್ತು, 18 ಗಂಟೆ ಬಹುತೇಕ ಖಾಲಿ ಇತ್ತು. ಇವತ್ತು ಎಷ್ಟು ಯಂತ್ರ, ಎಷ್ಟರಿಂದ ಎಷ್ಟು ಗಂಟೆ ಅನ್ನೋದನ್ನು ಬೆಳಿಗ್ಗೆ ಗಣೇಶಗುಡಿಯ ಬೋರ್ಡಿನ ಮೇಲೆ, ಮೊಬೈಲಿನಲ್ಲಿ ಹಾಕಬೇಕು. ಗ್ರಿಡ್‌ಗಾಗಿ ಪ್ಲಾನ್ ಬದಲಾದರೆ ಸೈರನ್ ಮೊದಲು, ನೀರು ಆಮೇಲೆ.

ಎರಡು, ಬರೆದಿಟ್ಟ ಮಿತಿ. ಇಷ್ಟು ನೀರಿಗೆ ಈ ಭಾಗ ಓಪನ್, ಇಷ್ಟಕ್ಕಿಂತ ಮೇಲೆ ಅಥವಾ ಕೆಳಗೆ ಬಂದ್, ಒಂದು ರಾಫ್ಟಿಗೆ ಇಷ್ಟೇ ಜನ. ಇದು ಅಸಾಧ್ಯವಲ್ಲ. 2018ರಲ್ಲಿ ಉತ್ತರಾಖಂಡ ಹೈಕೋರ್ಟ್, ಸರಿಯಾದ ನೀತಿ ರೂಪಿಸುವ ತನಕ ರಾಫ್ಟಿಂಗ್ ನಿಲ್ಲಿಸಿ ಅಂತ ಆದೇಶಿಸಿತ್ತು. ನಮ್ಮದೇ ಜಿಲ್ಲೆಯ ಮುರುಡೇಶ್ವರದಲ್ಲಿ 2024ರ ಡಿಸೆಂಬರ್‌ನಲ್ಲಿ 4 ವಿದ್ಯಾರ್ಥಿನಿಯರು ಸಮುದ್ರಪಾಲಾದ ಮೇಲೆ ಬೀಚ್ ಮುಚ್ಚಿ, ಈಜುವ ಜಾಗ ಗುರುತಿಸಿ ಮತ್ತೆ ತೆರೆದರು. ಸಾವಿನ ನಂತರ ಮಾಡಿದ ಕೆಲಸವನ್ನು ಮೊದಲೇ ಮಾಡಬಹುದಿತ್ತು ಅಲ್ವಾ?

ಮೂರು, ಬೇಡ ಅನ್ನುವ ಹಕ್ಕು. ರಾಫ್ಟಿನ ಹಿಂದೆ ಕೂತ ಗೈಡ್‌ಗೆ ನದಿ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೆ ಟ್ರಿಪ್ ಲೆಕ್ಕದಲ್ಲಿ ಸಂಬಳ ಪಡೆಯುವವನು "ಇವತ್ತು ಬೇಡ" ಅಂದರೆ ಅವನ ಅವತ್ತಿನ ಕೂಲಿ ಹೋಯ್ತು. "ಇಬ್ಬರು ಜಾಸ್ತಿ ಆದ್ರು, ಇಳೀರಿ" ಅಂದರೆ ನಾಳೆ ಕರೆಯದೇ ಇರಬಹುದು. ನೀರಿನ ಕಾರಣಕ್ಕೆ ರದ್ದಾದ ದಿನಕ್ಕೂ ಗೈಡ್‌ಗೆ ಕೂಲಿ ಸಿಗಬೇಕು. ಸುರಕ್ಷತೆಯ ಚರ್ಚೆ ಹೆಲ್ಮೆಟ್, ಜಾಕೆಟ್‌ಗೆ ನಿಂತುಬಿಡುತ್ತೆ. ನನಗೆ ಇದು ಅದಕ್ಕಿಂತ ದೊಡ್ಡ ಸುರಕ್ಷತಾ ಸಾಧನ ಅನ್ನಿಸುತ್ತೆ.

ಕಾಳಿಯನ್ನು ಪೂರ್ತಿ ಮುಚ್ಚಿ ಅಂತಲೂ ನಾನು ಹೇಳ್ತಿಲ್ಲ, ಹೇಗಿದೆಯೋ ಹಾಗೇ ಬಿಡಿ ಅಂತಲೂ ಅಲ್ಲ. ಯಂತ್ರದ ವೇಳಾಪಟ್ಟಿ ಸಾರ್ವಜನಿಕ ಮಾಹಿತಿ, ಯಾಕೆಂದರೆ ಆ ನೀರಿನಲ್ಲಿ ಇರೋದು ಸಾರ್ವಜನಿಕರು. ಮುಂದಿನ ಸಲ ಹೋಮ್‌ಸ್ಟೇಗೆ ಫೋನ್ ಮಾಡಿದಾಗ "ಓಪನ್ ಇದೆಯಾ" ಅಂತ ಮಾತ್ರ ಕೇಳಬೇಡಿ. "ಸೂಪಾದಲ್ಲಿ ಇವತ್ತು ಎಷ್ಟು ಯಂತ್ರ ಓಡ್ತಿವೆ, ಎಷ್ಟು ಹೊತ್ತಿನ ತನಕ?" ಅಂತಲೂ ಕೇಳಿ. ಅವರ ಹತ್ತಿರ ಉತ್ತರ ಇಲ್ಲ ಅಂದರೆ ತಪ್ಪು ಅವರದಲ್ಲ. ಅದೇ ಪ್ರಶ್ನೆಯನ್ನು ಕಾರವಾರದ ಜಿಲ್ಲಾಧಿಕಾರಿ ಕಚೇರಿಗೂ ವಿದ್ಯುತ್ ನಿಗಮಕ್ಕೂ ಬರೆದು ಕಳಿಸಿ.