ಬನಶಂಕರಿ ಜಾತ್ರೆಗೊಬ್ಬ ವೆಂಕೋಬರಾವ್ ಬೇಕು

ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆದರೆ ಬಾದಾಮಿ ಸೀಮೆಯಲ್ಲಿ ನಾಟಕದ ಸುಗ್ಗಿ. ವೃತ್ತಿ ಕಂಪನಿಗಳು ಜಾತ್ರೆಯಲ್ಲಿ ಥಿಯೇಟರ್ ಹಾಕಿ ವಾರಗಟ್ಟಲೆ ಆಡುತ್ತವೆ. ಪಟ್ಟದಕಲ್ಲು, ಹುನಗುಂದ, ಇಳಕಲ್ಲಿನ ಕಡೆಯಿಂದ ಮನೆಮಂದಿಯೆಲ್ಲ ಬಂದು ಕೂರುತ್ತಾರೆ. ಅಣ್ಣತಮ್ಮಂದಿರ ಆಸ್ತಿ ಜಗಳ, ಮೂಲೆ ಸೇರಿದ ತಾಯಿ, ಕೊನೆಗೆ ಸಂಕಟವೊಂದು ಬಂದೆರಗಿ ಒಡೆದ ಮನೆ ಒಂದಾಗುವುದು ಕಂಪನಿ ನಾಟಕದ ಹಳೆಯ ಬಂಡವಾಳ.

ಅದೇ ಎಳೆಯನ್ನು ಹೇಮಂತ್ ಎಂ. ರಾವ್ 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಬೇರೆಯೇ ಹದಕ್ಕೆ ತಂದರು. ಅಲ್ಝೈಮರ್ ಕಾಯಿಲೆಯ ವೆಂಕೋಬರಾವ್ ಬೆಂಗಳೂರಿನ ಆರೈಕೆ ಕೇಂದ್ರದಲ್ಲಿದ್ದಾರೆ. ಮಗ ಶಿವನಿಗೆ ಮುಂಬೈಯಲ್ಲಿ ನೌಕರಿ. ಬಂದ ಮಗ ಹೊರಗೆ ಕರೆದೊಯ್ದ ದಿನವೇ ಅಪ್ಪ ಕಾಣೆಯಾಗುತ್ತಾರೆ. ಪೋಸ್ಟರ್ ಅಂಟಿಸುತ್ತ ಅಲೆಯುವ ಶಿವನಿಗೆ, ಅಪ್ಪ-ಅಮ್ಮನ ಪ್ರೀತಿಯ ಕಥೆ ಡಾಕ್ಟರ್ ಸಹನಾಳಿಂದ ತಿಳಿಯಬೇಕಾಗುತ್ತದೆ. ಸ್ವಂತ ಅಪ್ಪನ ಬಗ್ಗೆ ಪರರನ್ನು ಕೇಳಿ ತಿಳಿಯುವ ಆ ನೋವೇ ಚಿತ್ರದ ಜೀವ. ಇಲ್ಲಿ ಮನೆ ಒಡೆದದ್ದು ಆಸ್ತಿಗಾಗಿ ಅಲ್ಲ, ಗಮನ ಕೊಡದೆ. ಖಳನಿಗೆ ಬುದ್ಧಿ ಬಂದರೆ ಸರಿಹೋಗುವ ಸಂಗತಿಯಲ್ಲ ಅದು. ಅನಂತ್ ನಾಗ್ ಎಲ್ಲಿಯೂ ಕರುಣೆ ಬೇಡದೆ, ಗೊಂದಲದಲ್ಲೂ ಘನತೆ ಬಿಡದ ಮುದುಕನಾಗಿ ಕಾಣುತ್ತಾರೆ. ರಕ್ಷಿತ್ ಶೆಟ್ಟಿಯ ಒರಟು ಮಗ ಕರಗುವುದೂ ಒಮ್ಮೆಲೇ ಅಲ್ಲ. ಭೂಗತ ಲೋಕದ ಉಪಕಥೆ ಸ್ವಲ್ಪ ಉದ್ದವಾಯಿತು ಎಂಬುದು ನನ್ನ ತಕರಾರು.

ಈ ಕಥೆ ನಗರದ್ದು ಎಂದು ಬದಿಗಿಡುವಂತಿಲ್ಲ. ದುಡಿಯಲು ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುವ ನಮ್ಮ ಮನೆಗಳಲ್ಲಿ ಮುದುಕರು ಊರಲ್ಲೇ ಉಳಿಯುತ್ತಾರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೂ ನೀರು ನುಗ್ಗಿತು. ಎಂಟನೇ ಶತಮಾನದ ಆ ಕಲ್ಲಿನ ಚಿಂತೆ ಎಲ್ಲರಿಗೂ ಇತ್ತು, ಇರಬೇಕಾದದ್ದೇ. ದಂಡೆಯ ಊರುಗಳಲ್ಲಿ ಹೆತ್ತವರನ್ನು ಬಿಟ್ಟು ದೂರ ದುಡಿಯುತ್ತಿದ್ದ ಮಕ್ಕಳ ಆತಂಕ ಮಾತ್ರ ನಾನು ಕಂಡ ಯಾವ ನಾಟಕದಲ್ಲೂ ಇಲ್ಲ. ಮರುವರ್ಷ ಲಾಕ್‌ಡೌನ್ ಗುಳೆ ಹೋದವರನ್ನು ಊರಿಗೆ ತಂದಿತು. ಮಾತು ಬಿಟ್ಟವರೂ ಒಂದೇ ಸೂರಿನಡಿ ರೊಟ್ಟಿ ಮುರಿಯಬೇಕಾಯಿತು. ಅದೂ ರಂಗಕ್ಕೆ ಬರಬೇಕಾದ ಕಥೆಯೇ.

ಕಂಪನಿಯ ನಾಟಕಕಾರರೇ, ಮುಂದಿನ ಹಂಗಾಮಿಗೆ ದ್ವಂದ್ವಾರ್ಥದ ಹಾಸ್ಯ ಒಂದಿಷ್ಟು ಕಡಿಮೆ ಮಾಡಿ ಈ ಮನೆಗಳ ಕಥೆ ಬರೆಯಿರಿ. ಭಾಷೆ ನಿಮ್ಮಲ್ಲಿದೆ, ನಟರಿದ್ದಾರೆ. ಟಿಕೆಟ್ ಕೊಂಡು ಅಳಲು ಜನರೂ ಸಿದ್ಧರಿದ್ದಾರೆ.